ಬೋಣಿಯ ಗಿರಾಕಿ

ನಮ್ಮ ಪೇಟೆಗಳಲ್ಲಿ ಬೋಣಿ ಎಂಬ ಮಾತಿಗೆ ಇರುವ ಗೌರವವನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ಮುಂಜಾನೆಯ ಮೊದಲ ವ್ಯಾಪಾರದ ಹಣವನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕುವ ಸೊಪ್ಪಿನವಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಬೋಣಿಯ ಹೊತ್ತಿನಲ್ಲಿ ಬೆಲೆ ಕೇಳಿ ಕೊಳ್ಳದೆ ಹೋದವನನ್ನು ಅವಳು ಬಾಯಿ ಬಿಟ್ಟು ಬೈಯದಿದ್ದರೂ ಮನಸ್ಸಿನಲ್ಲಿ ಹರಸುವುದಂತೂ ಇಲ್ಲ. ಈ ನಂಬಿಕೆ ನಮ್ಮದೇ ಸ್ವತ್ತೆಂದು ನಾನು ಬಹುಕಾಲ ತಿಳಿದಿದ್ದೆ. ಅದು ಹಾಗಲ್ಲವೆಂದು ನನಗೆ ಗೊತ್ತಾದುದು ಭೂಮಿಯ ಆಚೆಯ ಮಗ್ಗುಲಿನ ಮೆಕ್ಸಿಕೋ ದೇಶದಲ್ಲಿ, ಚೊಲೂಲ ಎಂಬ ಊರಿನಲ್ಲಿ. ತಿಳಿಸಿಕೊಟ್ಟವಳು ಬೀದಿಯ ಮೂಲೆಯಲ್ಲಿ ಕಡುಬು ಮಾರುತ್ತಿದ್ದ ಒಬ್ಬ ಹೆಂಗಸು.

ನನ್ನ ಅಳಿಯನಿಗೆ ಪ್ವೆಬ್ಲ ನಗರದಲ್ಲಿ ಉದ್ಯೋಗವಾದುದರಿಂದ, 2023ರ ಡಿಸೆಂಬರಿನಿಂದ ಮೂರು ತಿಂಗಳು ಮಗಳ ಮನೆಯಲ್ಲಿ ಇದ್ದು ಬರುವ ಸಂದರ್ಭ ಒದಗಿತು. ಅವರ ಮನೆ ನಗರಕ್ಕೆ ಹತ್ತಿಕೊಂಡಿರುವ ಚೊಲೂಲದಲ್ಲಿ. ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲಿರುವ ಊರಾದುದರಿಂದ ಚಳಿಗಾಲದ ಬೆಳಗು ಅಲ್ಲಿ ಕೈಕಾಲು ಮರಗಟ್ಟಿಸುತ್ತದೆ. ಪಡುವಣ ದಿಕ್ಕಿನಲ್ಲಿ ಪೋಪೊಕಾತೆಪೆತ್ಲ್ ಎಂಬ ಅಗ್ನಿಪರ್ವತ. ಊರೊಳಗೆ ಗುಡ್ಡದಂತೆ ಕಾಣುವುದು ನಿಜವಾಗಿ ಗುಡ್ಡವಲ್ಲ, ಆ ನೆಲದ ಪುರಾತನರು ಕಟ್ಟಿದ ಪಿರಮಿಡ್ಡು. ಗಾತ್ರದಲ್ಲಿ ಲೋಕದಲ್ಲಿಯೇ ಅತಿ ದೊಡ್ಡದೆಂದು ಪ್ರಸಿದ್ಧವಾದುದು. ಅದರ ನೆತ್ತಿಯ ಮೇಲೆ ಸ್ಪೇನಿನವರು ಬಂದಮೇಲೆ ಎದ್ದ ಇಗರ್ಜಿ. ಪ್ರವಾಸಿಗಳೆಲ್ಲ ಇವನ್ನು ನೋಡಲು ಬರುತ್ತಾರೆ, ನಾನೂ ನೋಡಿದೆನು. ಆದರೆ ವಯಸ್ಸಾದವನಿಗೆ ನಿದ್ರೆ ಕಡಮೆ, ಪುರುಸೊತ್ತು ಹೆಚ್ಚು. ದಿನದಿನವೂ ನಾನು ಕಂಡದ್ದು ಬೀದಿಯನ್ನು.

ಆ ಬೀದಿಯಲ್ಲಿ ಗಡಿಯಾರವಿಲ್ಲದೆಯೇ ಹೊತ್ತು ತಿಳಿಯಬಹುದಾಗಿತ್ತು. ನಸುಕಿನಲ್ಲಿ ಕಡುಬಿನವಳ ಕೂಗು. ಬಿಸಿಲೇರಿದಾಗ ಸಾಣೆಯವನು ಸಣ್ಣ ಕೊಳಲ ಗುಚ್ಛವೊಂದನ್ನು ತುಟಿಗಿಟ್ಟು ಸ್ವರಗಳನ್ನು ಏರಿಳಿಸುವನು. ಕೇಳಿದೊಡನೆ ಗೃಹಿಣಿಯರು ಚಾಕು ಕತ್ತರಿಗಳನ್ನು ಹಿಡಿದು ಹೊರಬರುವರು. ಮಧ್ಯಾಹ್ನಕ್ಕೆ ಪಾಪಾಸುಕಳ್ಳಿಯವಳು. ನಾವು ಬೇಲಿಯಲ್ಲಿ ಕಂಡು ದೂರ ಸರಿಯುವ ಆ ಕಳ್ಳಿಯ ಎಲೆಯನ್ನು ಅಲ್ಲಿ ಮುಳ್ಳು ಹೆರೆದು ಪಲ್ಯ ಮಾಡುತ್ತಾರೆ. ಅವಳ ಪಕ್ಕದಲ್ಲಿ ಹಣ್ಣಿನ ಹೋಳುಗಳಿಗೆ ಮೆಣಸಿನ ಪುಡಿಯನ್ನೂ ನಿಂಬೆರಸವನ್ನೂ ಹಚ್ಚಿ ಕೊಡುವವನು. ಇದು ನಮ್ಮ ರುಚಿಯಲ್ಲವೆ ಎಂದುಕೊಂಡು, ಒಡನೆಯೇ ನನ್ನನ್ನು ತಿದ್ದಿಕೊಂಡೆ. ಮೆಣಸಿನಕಾಯಿಯ ತವರು ಆ ದೇಶ. 16ನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳಲ್ಲಿ ಅದು ನಮ್ಮ ಕಡೆಗೆ ಬಂದುದು. ಸಾಲಗಾರರು ನಾವು. ಸಂಜೆಗೆ ಸಿಹಿಗೆಣಸಿನ ಬಂಡಿ. ಅದರ ಒಲೆಯ ಹಬೆ ಕೊಳವೆಯಿಂದ ನುಗ್ಗುವಾಗ ರೈಲಿನ ಸಿಳ್ಳಿನಂಥ ಧ್ವನಿ ಬೀದಿಯ ಕೊನೆಯವರೆಗೂ ಕೇಳಿಸುವುದು.

ಇವರೆಲ್ಲರಿಗಿಂತ ಮೊದಲು ಬರುತ್ತಿದ್ದವಳು ಕಡುಬಿನವಳು. ಅವಳ ತಿನಿಸಿಗೆ ತಮಾಲ್ ಎಂದು ಹೆಸರು. ನಮ್ಮ ಕರಾವಳಿಯವರು ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವಂತೆ, ಮೆಕ್ಕೆಜೋಳದ ಹಿಟ್ಟನ್ನು ಅದರ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದುದು. ಅದರ ಹಿಂದಿನ ದುಡಿಮೆಯನ್ನು ನಾನು ಮೆಲ್ಲಮೆಲ್ಲನೆ ಅರಿತೆ. ಹಿಂದಿನ ದಿನವೇ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ನೆನೆಯಿಟ್ಟು, ಹೊಟ್ಟು ಹೋಗುವಂತೆ ತೊಳೆದು, ಗಿರಣಿಯಲ್ಲಿ ಅರೆಸಬೇಕು. ಈ ಸುಣ್ಣದ ಸಂಸ್ಕಾರದಿಂದಲೇ ಜೋಳದಲ್ಲಿ ಅಡಗಿರುವ ಒಂದು ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಜೋಳವನ್ನು ಕೊಂಡೊಯ್ದು ಈ ವಿದ್ಯೆಯನ್ನು ಬಿಟ್ಟುಹೋದ ಯುರೋಪಿನಲ್ಲಿ, ಅದನ್ನೇ ನಂಬಿದ ಬಡವರು ಪೆಲಾಗ್ರ ಎಂಬ ರೋಗದಿಂದ ತಲೆಮಾರುಗಳ ಕಾಲ ನರಳಿದರು. ಅರೆದ ಹಿಟ್ಟನ್ನು ಕೊಬ್ಬಿನೊಡನೆ ಕೈಸೋಲುವಂತೆ ನಾದಿ, ಹೂರಣವಿಟ್ಟು, ಒಂದೊಂದನ್ನೂ ಸುತ್ತಿ, ದೊಡ್ಡ ಹಂಡೆಯಲ್ಲಿ ಜೋಡಿಸಿ ಬೇಯಿಸಿ, ಮೂರು ಚಕ್ರದ ಬಂಡಿಯಲ್ಲಿ ತುಳಿದುಕೊಂಡು ಆರು ಗಂಟೆಗೆ ಅವಳು ಮೂಲೆಯಲ್ಲಿ ನಿಲ್ಲುತ್ತಿದ್ದಳು. ನಾನು ಎದ್ದು ಹಲ್ಲುಜ್ಜುವ ವೇಳೆಗೆ ಅವಳ ಅರ್ಧ ದಿನ ಮುಗಿದಿರುತ್ತಿತ್ತು.

ಮೊದಲ ಸಲ ಹೋದಾಗ ಹತ್ತು ವರ್ಷದ ಮೊಮ್ಮಗಳು ನನ್ನ ದುಭಾಷಿ. ಮಾಂಸವನ್ನಾಗಲಿ ಹಂದಿಯ ಕೊಬ್ಬನ್ನಾಗಲಿ ತಾತ ತಿನ್ನುವುದಿಲ್ಲವೆಂದು ಅವಳು ಹೇಳಲು, ಆಕೆ ನಕ್ಕು, ಕೊಬ್ಬಿಲ್ಲದೆ ತಮಾಲ್ ಉಂಟೆ ಎಂದಳಂತೆ. ಬಳಿಕ ಅತೋಲೆ ಎಂಬ ಜೋಳದ ಗಂಜಿಯನ್ನು, ಬೆಲ್ಲ ದಾಲ್ಚಿನ್ನಿಗಳ ಪರಿಮಳದೊಡನೆ, ಒಂದು ಲೋಟ ಬಗ್ಗಿಸಿಕೊಟ್ಟಳು. ನಾನು ಕೊಟ್ಟ ನಾಣ್ಯಗಳನ್ನು ಹಣೆಗೂ ಎದೆಗೂ ಭುಜಗಳಿಗೂ ಸೋಕಿಸಿ ಶಿಲುಬೆಯ ಗುರುತು ಮಾಡಿಕೊಂಡು ಮುತ್ತಿಟ್ಟಳು. ಬೋಣಿ! ಮಾತು ಬಾರದ ಊರಿನಲ್ಲಿ ಅದೊಂದು ಸಂಜ್ಞೆ ನನಗೆ ಪೂರ್ಣವಾಗಿ ಅರ್ಥವಾಯಿತು. ಅಂದಿನಿಂದ ದಿನವೂ ನಾನೇ ಬೋಣಿಯ ಗಿರಾಕಿ. ಅವಳು ನನ್ನನ್ನು 'ಮರ್ಚಾಂತೆ' ಎಂದು ಕರೆಯುತ್ತಿದ್ದಳು, ನಾನೂ ಅವಳನ್ನು ಹಾಗೆಯೇ. ಅಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಸಲ್ಲುವ ಪದ ಅದೊಂದೇ. ಲೋಟ ಮುಗಿದಮೇಲೆ ಇನ್ನೊಂದು ಸೌಟು ಕೊಸರು ಬೀಳುತ್ತಿತ್ತು. ಕೊಸರಿಗೆ ಅವರು ಪಿಲೋನ್ ಎನ್ನುತ್ತಾರೆ.

ಫೆಬ್ರವರಿ 2 ಅಲ್ಲಿ ಕಂದೆಲಾರಿಯ ಎಂಬ ಹಬ್ಬ. ಜನವರಿ 6ರಂದು ಹಂಚಿಕೊಂಡು ತಿನ್ನುವ ಉಂಗುರದಂಥ ರೊಟ್ಟಿಯಲ್ಲಿ ಪುಟ್ಟದೊಂದು ಶಿಶುವಿನ ಬೊಂಬೆಯನ್ನು ಹುದುಗಿಸಿರುತ್ತಾರೆ. ಯಾರ ಪಾಲಿಗೆ ಅದು ಬರುವುದೋ ಅವರು ಕಂದೆಲಾರಿಯದಂದು ಎಲ್ಲರಿಗೂ ತಮಾಲ್ ಉಣಬಡಿಸಬೇಕು. ಕಡುಬಿನವರಿಗೆ ವರ್ಷದಲ್ಲೇ ಬಿಡುವಿಲ್ಲದ ದಿನ. ಕಿಟಕಿಯಿಂದ ನೋಡಿದೆ: ಮೂಲೆಯಲ್ಲಿ ಪಾತ್ರೆ ಹಿಡಿದ ಜನ ಸಾಲುಗಟ್ಟಿದ್ದರು. ಒಂದು ಲೋಟ ಗಂಜಿಗಾಗಿ ಈ ನೂಕುನುಗ್ಗಲಿನಲ್ಲಿ ಅವಳನ್ನು ಏಕೆ ಪೀಡಿಸಲಿ ಎಂದು ನಾನು ಮನೆಯಲ್ಲಿಯೇ ಉಳಿದೆ. ಅದು ಸೌಜನ್ಯವೆಂದೇ ನನ್ನ ಎಣಿಕೆ.

ಮರುದಿನ ಶನಿವಾರ, ಮೊಮ್ಮಗಳೂ ಬಂದಳು. ನಾನು ಎಂದಿನಂತೆ ನಾಣ್ಯ ನೀಡಿದೆ. ಆಕೆ ತೆಗೆದುಕೊಂಡಳು, ಗುರುತು ಮಾಡಿಕೊಂಡಳು, ಏನೋ ಹೇಳಿದಳು. ಮೊಮ್ಮಗಳು ನನ್ನ ಮುಖ ನೋಡಿದಳು. "ತಾತ, ನಿನ್ನೆ ನಿನಗೋಸ್ಕರ ಎಣ್ಣೆ ಹಾಕಿ ನಾಲ್ಕು ಬೇರೆ ಮಾಡಿದ್ದರಂತೆ. ಕೊಬ್ಬು ಸೋಕಬಾರದೆಂದು ಬೇರೆ ಪಾತ್ರೆಯಲ್ಲೇ ಬೇಯಿಸಿದರಂತೆ. ಒಂಬತ್ತು ಗಂಟೆಯವರೆಗೆ ಎತ್ತಿಟ್ಟಿದ್ದರಂತೆ."

ನೂರಾರು ಕಡುಬು ಸುತ್ತಿದ ಆ ರಾತ್ರಿಯಲ್ಲಿ, ನಿದ್ದೆಯ ಯಾವ ಗಳಿಗೆಯನ್ನು ಕಿತ್ತು ಈ ನಾಲ್ಕನ್ನು ಮಾಡಿದಳೋ! ನಾನು ನಾಚಿ, ಅವುಗಳ ಬೆಲೆಯೆಷ್ಟೆಂದು ಕೇಳಿಸಿ, ಹಣ ತೆಗೆದೆ. ಆಕೆ ನನ್ನ ಕೈಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದಳು. ನಿನ್ನೆಯದನ್ನು ಮಕ್ಕಳು ತಿಂದರು, ಅದಕ್ಕೆ ಲೆಕ್ಕವಿಲ್ಲ ಎಂದಳಂತೆ. ಬಳಿಕ ಕೇಳಿದಳು: ನಿಮಗೆ ಮೈ ಹುಷಾರಿರಲಿಲ್ಲವೆ? ಹೌದೆಂದು ಸುಳ್ಳಾಡುವುದು ಸುಲಭವಾಗಿತ್ತು. ಸಾಲನ್ನು ಕಂಡು ಹಿಂದೆಗೆದೆನೆಂದು ನಿಜವನ್ನೇ ಹೇಳಿಸಿದೆ. ಆಕೆ ತುಸು ಹೊತ್ತು ಸುಮ್ಮನಿದ್ದು, ಬೋಣಿಯವರಿಗೆ ಸಾಲು ಯಾತಕ್ಕೆ ಎಂದಳು. ಆ ದಿನವೂ ಕೊಸರು ಬಿತ್ತು.

ಸ್ಪೇನಿನ ಸೇನಾನಿ ಕೊರ್ತೆಸನು 1520ರಲ್ಲಿ ತನ್ನ ದೊರೆಗೆ ಬರೆದ ಪತ್ರದಲ್ಲಿ, ಮೆಕ್ಸಿಕೋ ರಾಜಧಾನಿಯ ಸಂತೆಯಲ್ಲಿ ದಿನವೂ 60,000ಕ್ಕೂ ಮೇಲ್ಪಟ್ಟ ಜನ ಕೊಂಡು ಮಾರುತ್ತಿದ್ದರೆಂದು ಬೆರಗಿನಿಂದ ಹೇಳಿದ್ದಾನೆ. ಮರುವರ್ಷ ಆ ರಾಜಧಾನಿ ಅವನಿಂದಲೇ ಹಾಳಾಯಿತು, ಮಾರುವವರು ಉಳಿದರು. ಇಂದಿಗೂ ಆ ದೇಶದ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಮೆಯ ಆಸರೆಯಿಲ್ಲದ ಕಸುಬುಗಳಲ್ಲಿದ್ದಾರೆ. ಅವರಿಗೆ ನಾಳೆಯ ಭರವಸೆಯೆಂದರೆ ನಾಳೆಯೂ ಬರುವ ಗಿರಾಕಿ. ನಾವು ಕೊಳ್ಳುವವರು, ಹಣ ಕೊಟ್ಟೊಡನೆ ಸಂಬಂಧ ತೀರಿತೆಂದು ತಿಳಿಯುತ್ತೇವೆ. ನಮ್ಮನ್ನು ಒಬ್ಬರು ಎದುರುನೋಡುತ್ತಿರಬಹುದೆಂಬುದು ನಮಗೆ ಹೊಳೆಯುವುದೇ ಇಲ್ಲ.

ಊರಿಗೆ ಮರಳಿದಮೇಲೆ ನನ್ನಲ್ಲಿ ಒಂದು ಬದಲಾವಣೆಯಾಗಿದೆ. ಬೆಳಗ್ಗೆ ಬಾಗಿಲಿಗೆ ಬರುವ ಸೊಪ್ಪಿನಮ್ಮನಿಗೆ, ಪರಸ್ಥಳಕ್ಕೆ ಹೋಗುವುದಿದ್ದರೆ ಹಿಂದಿನ ದಿನವೇ ಹೇಳುತ್ತೇನೆ. "ಅದಕ್ಕೇನು ಸ್ವಾಮಿ, ಹೇಳಲೇಬೇಕೆ?" ಎಂದು ಅವಳು ಮೊದಲ ಸಲ ನಕ್ಕಳು. ಈಗ ನಗುವುದಿಲ್ಲ, ಎಂದು ಬರುತ್ತೀರಿ ಎಂದು ಕೇಳಿಕೊಂಡು ಹೋಗುತ್ತಾಳೆ.