ಕೂಗಳತೆ

ಹಿಂದಿನ ಕನ್ನಡಿಗರು ದೂರದ ದಾರಿಯನ್ನು ಗಾವುದದಲ್ಲಿ, ಹರದಾರಿಯಲ್ಲಿ ಅಳೆದರು. ಹತ್ತಿರದ್ದಕ್ಕೆ ಅವರಲ್ಲಿ ಬೇರೊಂದು ಅಳತೆಯಿತ್ತು: ಕೂಗಳತೆ. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸುವಷ್ಟು ದೂರ. ಮರಾಠಿಯ ‘ಹಾಕೇಚ್ಯಾ ಅಂತರಾವರ’ ಎಂಬ ಮಾತಿಗೂ ಇದೇ ಅರ್ಥ. ನೆರೆಯ ಭಾಷೆಗಳೆರಡೂ ಸಾಮೀಪ್ಯವನ್ನು ಕಾಲಿನಿಂದಲ್ಲ, ದನಿಯಿಂದ ಅಳೆದಿವೆ.

ಕುಂಬಳೆಯ ಸಮೀಪದ ಒಬ್ಬ ತಾಯಿಗೆ ಈ ಅಳತೆ ಚೆನ್ನಾಗಿ ಗೊತ್ತು. ಆಕೆಯ ಮಗ ಕೊಲ್ಲಿಯಲ್ಲಿದ್ದಾನೆ. ರಜೆಯ ಸುದ್ದಿ ಬಂದೊಡನೆ ಆಕೆ ಕೇಳುವ ಮೊದಲ ಪ್ರಶ್ನೆ: “ಬಜಪೆಗಾ, ಕಣ್ಣೂರಿಗಾ?”

ಕಾಸರಗೋಡು ಜಿಲ್ಲೆಗೆ ತನ್ನದೇ ವಿಮಾನ ನಿಲ್ದಾಣವಿಲ್ಲ. ಉತ್ತರದಲ್ಲಿ ಮಂಗಳೂರಿನ ಬಜಪೆ, ದಕ್ಷಿಣದಲ್ಲಿ ಕಣ್ಣೂರಿನ ಮಟ್ಟನ್ನೂರು. ಇವೆರಡರ ನಡುವೆ 150 ಕಿಲೋಮೀಟರಿಗೂ ಮಿಕ್ಕಿದ ದಾರಿ. ಕುಂಬಳೆಯಿಂದ ಬಜಪೆಗೆ ನೇತ್ರಾವತಿ ದಾಟಿ ಸುಮಾರು ಒಂದೂವರೆ ಗಂಟೆ. ಮಟ್ಟನ್ನೂರಿಗೆ ಚಂದ್ರಗಿರಿ, ತೇಜಸ್ವಿನಿಗಳನ್ನು ದಾಟಿ ಮೂರು ಗಂಟೆಗೂ ಹೆಚ್ಚು. ಹತ್ತಿರದ್ದು ಪರರಾಜ್ಯದ್ದು, ಸ್ವರಾಜ್ಯದ್ದು ದೂರ. 1951ರಲ್ಲಿ ಬಜಪೆಯ ನಿಲ್ದಾಣ ಆರಂಭವಾದಾಗ ಹೀಗಿರಲಿಲ್ಲ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು. 1956ರ ನವೆಂಬರ್ 1ರಂದು ನಡುವೆ ಗೆರೆ ಬಿದ್ದಿತು. ರಸ್ತೆಯ ಉದ್ದ ಮಾತ್ರ ಇದ್ದಷ್ಟೇ ಉಳಿಯಿತು.

ಆದರೂ ಹತ್ತಿರದ ದಾರಿ ಎರಡು ಬಾರಿ ಆಕೆಯನ್ನು ಹೆದರಿಸಿದೆ. 2010ರ ಮೇ 22ರ ಮುಂಜಾವಿನಲ್ಲಿ ದುಬೈಯಿಂದ ಬಂದ ವಿಮಾನವು ಬಜಪೆಯ ಓಡುಹಾದಿಯನ್ನು ಮೀರಿ ಕಣಿವೆಗೆ ಉರುಳಿತು. 158 ಮಂದಿ ಮಡಿದರು, ಉಳಿದವರು ಎಂಟೇ ಮಂದಿ. ಮಡಿದವರಲ್ಲಿ ಕಾಸರಗೋಡಿನವರು ಅನೇಕರು. ಕಡಲನ್ನೇ ದಾಟಿ ಬಂದವರಿಗೆ ಕೊನೆಯ ದಾರಿ ದಕ್ಕಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಭಯದಿಂದ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಬಿದ್ದಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯಲ್ಲಿ ತಡೆದು ನಿಂತರು, ಕೆಲವರು ಬದುಕುಳಿಯಲಿಲ್ಲ. ಒಂದು ಗಂಟೆಯ ದಾರಿಗೆ ಅಂದು ಗಾವುದವೂ ಸಾಲದಾಯಿತು.

2018ರ ಡಿಸೆಂಬರ್ 9ರಂದು ತೆರೆದ ಕಣ್ಣೂರು ನಿಲ್ದಾಣ ಅವಳಿಗೆ ಇನ್ನೊಂದು ಆಯ್ಕೆಯನ್ನಿತ್ತಿದೆ. ಅಲ್ಲಿಗೆ ಹೋಗಲು ಗಡಿಯಿಲ್ಲ. ಆದರೆ ಬಾಡಿಗೆ ಹೆಚ್ಚು, ಹೊತ್ತು ಹೆಚ್ಚು. ಬಜಪೆಯಲ್ಲಿ ಇಳಿದವನನ್ನು ಕನ್ನಡದ ಫಲಕ ಎದುರುಗೊಳ್ಳುತ್ತದೆ, ಮಟ್ಟನ್ನೂರಿನಲ್ಲಿ ಮಲಯಾಳದ್ದು. ಮಗ ಎರಡನ್ನೂ ಓದಬಲ್ಲ. ತಾಯಿ ಒಂದನ್ನು ಮಾತ್ರ.

ಈ ಸಲ ಅವನು ಕಣ್ಣೂರಿಗೆ ಬಂದ. ನಸುಕಿನಲ್ಲಿ ಫೋನು ರಿಂಗಣಿಸಿತು.

“ಅಮ್ಮಾ, ಇಳಿದೆ.”

“ಮನೆಗೆ ಮುಟ್ಟುವಾಗ ಎಷ್ಟು ಗಂಟೆಯಾದೀತು ಮಗಾ?”

ಉತ್ತರ ಕೇಳಿ ಆಕೆ ಫೋನು ಕೆಳಗಿಟ್ಟಳು. ದಾರಿ ಇನ್ನೂ ಮೂರು ಗಂಟೆಯದು. ಆದರೆ ಕೂಗು ಕೇಳಿಸಿತ್ತು. ಕುಚ್ಚಲಕ್ಕಿಗೆ ಎಸರಿಡಲು ಒಳಗೆ ಹೋದಳು.