ಅಂಗಡಿಯ ಹಾಳೆ, ಮನೆಯ ಪಲ್ಯ

ಸಂಜೆಯ ಕಾಫಿಯೊಡನೆ ಪಫ್ಸ್ ಎಂದರೆ ನಮ್ಮ ಕಡೆಯವರಿಗೆ ಅಯ್ಯಂಗಾರ್ ಬೇಕರಿಯ ನೆನಪಾಗುವುದು ಸಹಜ. ಹಾಸನ ಜಿಲ್ಲೆಯಿಂದ ಹೊರಟ ಕುಟುಂಬಗಳು ಬೆಂಗಳೂರಿನಲ್ಲೂ ಇತರ ಊರುಗಳಲ್ಲೂ ತೆರೆದ ಈ ಬೇಕರಿಗಳ ಪಲ್ಯದ ಬನ್ನು, ದಿಲ್‌ಪಸಂದುಗಳನ್ನು ತಿಂದು ಬೆಳೆದವರು ನಾವು. ಸಂಬಳದ ದಿನ ನಮ್ಮ ಮನೆಯವರು ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು ನಾಲ್ಕು ಪಫ್ಸ್ ತರುತ್ತಿದ್ದರು. ಬಿಚ್ಚುವ ಮೊದಲೇ ಕಾಗದದ ಮೇಲೆ ಜಿಡ್ಡಿನ ಕಲೆ ಹರಡಿರುತ್ತಿತ್ತು. ಅದನ್ನು ಮನೆಯಲ್ಲಿ ಮಾಡಬಹುದೆಂಬ ಯೋಚನೆಯೇ ನನಗೆ ಎಂದೂ ಬಂದಿರಲಿಲ್ಲ.

2011ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆ. ಮಗುವಿಗೆ ಮೂರು ತಿಂಗಳು ತುಂಬಿದಾಗ ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಒಂದು ಶನಿವಾರ ಪರಿಚಯದ ಮೂರು ನಾಲ್ಕು ಮನೆಯವರನ್ನು ಕಾಫಿಗೆ ಕರೆದಿದ್ದಳು. ಹಿಂದಿನ ದಿನ ಅಂಗಡಿಯಿಂದ ಬಂದವಳು ಮಂಜಿನಂತೆ ತಣ್ಣಗಿದ್ದ ಒಂದು ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಅಮ್ಮ, ನಾಳೆ ಪಫ್ಸ್ ಮಾಡೋಣ. ಹಿಟ್ಟಿನ ಹಾಳೆ ಇದರಲ್ಲೇ ಇದೆ" ಎಂದಳು.

"ಹಿಟ್ಟನ್ನೂ ಅಂಗಡಿಯಿಂದ ತಂದ ಮೇಲೆ ಅದು ಮನೆಯ ತಿಂಡಿ ಹೇಗಾದೀತು?" ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು, "ಶಾಲೆಗೆ ಓಡುವ ಅವಸರದಲ್ಲಿ ನೀನು ನನ್ನ ಡಬ್ಬಿಗೆ ಬೇಕರಿಯ ಬನ್ನು ಹಾಕಿ ಕಳಿಸ್ತಿದ್ದೆಯಲ್ಲಮ್ಮ, ನಾನು ಅದನ್ನು ಮನೆಯ ತಿಂಡಿ ಅಂತಲೇ ತಿಂದೆ" ಎಂದು ಹೇಳಿ ಕೋಣೆಗೆ ಹೋದಳು.

ನನಗೆ ಉತ್ತರ ತೋಚಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ದೀಪಾವಳಿಗೆ, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕದಲ್ಲಿಟ್ಟುಕೊಂಡೇ, ನಾನು ಪೊಟ್ಟಣದ ಹಿಟ್ಟಿನಿಂದ ಜಾಮೂನು ಮಾಡಿದ್ದೆ. "ಪೊಟ್ಟಣ ಕತ್ತರಿಸುವುದೂ ಅಡುಗೆಯೇನಮ್ಮ?" ಎಂದಿದ್ದರು ನಮ್ಮ ಅತ್ತೆಯವರು. ಅಂದು ನಾನು ಹಿತ್ತಲಲ್ಲಿ ನಿಂತು ಅತ್ತಿದ್ದೆ. ಆ ಮಾತನ್ನೇ, ಹೆಚ್ಚು ಕಡಿಮೆ ಅದೇ ದನಿಯಲ್ಲಿ, ಹೆತ್ತ ಮಗಳಿಗೆ ಆಡಿದ್ದೆ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಪೆಟ್ಟಿಗೆಯ ಮೇಲಿನ ಬರಹವನ್ನು ಕನ್ನಡಕ ಹಾಕಿಕೊಂಡು ಓದಿದೆ. ಒಳಗೆ ಮೂರು ಮಡಿಕೆಯ ಎರಡು ಹಾಳೆಗಳು. ಹೊರಗೆ ಸುಮಾರು 40 ನಿಮಿಷವಿಟ್ಟರೆ ಬಿಡಿಸಲು ಬರುತ್ತದೆ. ಅವಸರಪಟ್ಟರೆ ಮಡಿಕೆಯಲ್ಲೇ ಮುರಿಯುತ್ತದೆ. ಕಣಕದ ನಡುವೆ ಬೆಣ್ಣೆಯಂಥ ಜಿಡ್ಡನ್ನಿಟ್ಟು ಲಟ್ಟಿಸಿ ಮೂರಾಗಿ ಮಡಿಸುವುದು, ತಂಪಿನಲ್ಲಿಟ್ಟು ಮತ್ತೆ ಲಟ್ಟಿಸಿ ಮಡಿಸುವುದು, ಹೀಗೆ ಈ ಹಿಟ್ಟು ಸಿದ್ಧವಾಗುತ್ತದೆ. ನಾನು ಲೆಕ್ಕದ ಮೇಷ್ಟ್ರಾಗಿದ್ದವಳಲ್ಲವೇ, ಅಲ್ಲಿಯೇ ಗುಣಿಸಿದೆ: ಆರು ಬಾರಿ ಮಡಿಸಿದರೆ ಮೂರರ ಆರನೆಯ ಘಾತ, ಅಂದರೆ ಜಿಡ್ಡಿನ 729 ಪದರ! ಕೈಯಿಂದ ಮಾಡಲು ಅರ್ಧ ದಿನವಾದರೂ ಬೇಕು. ಹಸುಗೂಸಿನ ತಾಯಿಗೆ ಅರ್ಧ ದಿನ ಎಲ್ಲಿಂದ ಬರಬೇಕು?

ಪದರದ ಗುಟ್ಟು ನಮಗೂ ಹೊಸದಲ್ಲ. ನಮ್ಮಮ್ಮ ಚಿರೋಟಿಗೆ ತೆಳ್ಳನೆಯ ಹಾಳೆಗಳ ನಡುವೆ ತುಪ್ಪ, ಅಕ್ಕಿಹಿಟ್ಟು ಕಲಸಿದ್ದನ್ನು ಸವರಿ, ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ, ಕತ್ತರಿಸಿ ಲಟ್ಟಿಸುತ್ತಿದ್ದರು. ಎಣ್ಣೆಯಲ್ಲಿ ಪದರಗಳು ಹೂವಿನಂತೆ ಬಿಚ್ಚಿಕೊಳ್ಳುತ್ತಿದ್ದವು. ಅಷ್ಟು ಶ್ರಮಪಡುತ್ತಿದ್ದ ನಮ್ಮಮ್ಮನೂ ಚಿರೋಟಿ ರವೆಯನ್ನು ಶೆಟ್ಟರ ಅಂಗಡಿಯಿಂದಲೇ ತರಿಸುತ್ತಿದ್ದರು. ಅವರ ಅಮ್ಮ ಅದಕ್ಕೆ ಏನೆಂದಿದ್ದರೋ!

ಆಲೂಗಡ್ಡೆ, ಬಟಾಣಿ, ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ ಹಾಕಿ ಪಲ್ಯ ಮಾಡಿದೆ. ಒಂದು ಹಾಳೆಯನ್ನು ಒಂಬತ್ತು ಚೌಕಗಳಾಗಿ ಕತ್ತರಿಸಿ, ಬಿಸಿ ಬಿಸಿ ಪಲ್ಯವನ್ನೇ ತುಂಬಿ, ತ್ರಿಕೋನವಾಗಿ ಮಡಿಸಿ ಓವನ್ನಿಗಿಟ್ಟೆ. ಇಪ್ಪತ್ತು ನಿಮಿಷದ ನಂತರ ನೋಡಿದರೆ ಅವು ಉಬ್ಬಿರಲೇ ಇಲ್ಲ. ತಟ್ಟೆಯ ತುಂಬ ಜಿಡ್ಡು ಹರಿದು, ಒದ್ದೆ ಚಪಾತಿಯಂತೆ ಮಲಗಿದ್ದವು.

ಶಬ್ದಕ್ಕೆ ಎದ್ದುಬಂದ ಮಗಳು ತಟ್ಟೆಯನ್ನು ನೋಡಿ ನಕ್ಕಳು. "ಪಲ್ಯ ಪೂರ್ತಿ ಆರಬೇಕಮ್ಮ. ಬಿಸಿಗೆ ಒಳಗಿನ ಜಿಡ್ಡು ಮೊದಲೇ ಕರಗಿಬಿಟ್ಟರೆ ಪದರ ಏಳೋದಿಲ್ಲ" ಎಂದಳು. ಈ ಹಿಟ್ಟಿನಲ್ಲಿ ಸೋಡಾ ಇಲ್ಲ, ಯೀಸ್ಟ್ ಇಲ್ಲ. ಕಣಕದ ನೀರು ಆವಿಯಾಗಿ ಪದರಗಳನ್ನು ಎತ್ತಬೇಕು, ಅದಕ್ಕೆ ಓವನ್ ಮೊದಲೇ ಚೆನ್ನಾಗಿ ಕಾದು 400 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿರಬೇಕು, ನಡುವೆ ಬಾಗಿಲು ತೆಗೆಯಬಾರದು. ಇವನ್ನೆಲ್ಲ ಅವಳೇ ಹೇಳಿಕೊಟ್ಟಳು. ನಲವತ್ತು ವರ್ಷ ಪಾಠ ಹೇಳಿದವಳು ಅಂದು ನೈಟಿಯಲ್ಲೇ ನಿಂತು ಪಾಠ ಕೇಳಿದೆ.

ಎರಡನೆಯ ಹಾಳೆಗೆ ಆರಿದ ಪಲ್ಯ ತುಂಬಿ, ಅಂಚನ್ನು ಮುಳ್ಳುಚಮಚದಿಂದ ಒತ್ತಿ, ಮೇಲೆ ಹಾಲು ಸವರಿದೆವು. ಈ ಬಾರಿ ಇಬ್ಬರೂ ಓವನ್ನಿನ ಗಾಜಿನ ಮುಂದೆ ಕುಳಿತು, ಒಂಬತ್ತೂ ಎದ್ದು ಹೊಂಬಣ್ಣಕ್ಕೆ ತಿರುಗುವುದನ್ನು ನೋಡಿದೆವು. ಹಿಂದಿನ ದಿನದ ಮಾತಿಗೆ ಕ್ಷಮೆ ಕೇಳಬೇಕೆಂದುಕೊಂಡಿದ್ದೆ; ಅಷ್ಟರಲ್ಲಿ ಮಗು ಎದ್ದಿತು. ಆ ಒಂಬತ್ತು ಅತಿಥಿಗಳಿಗೆ ಸಾಲಲಿಲ್ಲ, ಅಳಿಯಂದಿರು ಅಂಗಡಿಗೆ ಓಡಿ ಇನ್ನೊಂದು ಪೆಟ್ಟಿಗೆ ತಂದರು. ಮೊದಲಿನ ಚಪ್ಪಟೆ ಪಫ್ಸ್‌ಗಳನ್ನು ನಾನೇ ಮೂರು ದಿನ ತಿಂದು ಮುಗಿಸಿದೆ.

ಕಳೆದ ಯುಗಾದಿಯಂದು ಅವಳು ಅಲ್ಲಿಂದ ಫೋನು ಮಾಡಿದ್ದಳು. ಅದೇ ಹಾಳೆಯನ್ನು ದುಂಡಗೆ ಕತ್ತರಿಸಿ ಬೇಯಿಸಿ, ಸಕ್ಕರೆಪುಡಿ ಉದುರಿಸಿ, ಬಾದಾಮಿ ಹಾಲಿನೊಡನೆ ಬಡಿಸಿದ್ದಾಳಂತೆ. "ಅಮ್ಮ, ಇದನ್ನ ಚಿರೋಟಿ ಅನ್ನಬಹುದಾ?" ಎಂದು ಸ್ವಲ್ಪ ಅಳುಕುತ್ತಲೇ ಕೇಳಿದಳು.

"ಅನ್ನಬಹುದು" ಎಂದೆ. "ಹಾಲಿಗೆ ಏಲಕ್ಕಿ ಹಾಕಿದೆಯಾ?"