ಸೂತ್ರವೂ ಸುಣ್ಣವೂ

ವಿದ್ಯೆಯು ಬಾಯಿಗೆ ಬರುವುದು ಬೇರೆ, ಕೈಗೆ ಬರುವುದು ಬೇರೆ ಎಂದು ಅನುಭವಸ್ಥರು ಹೇಳುತ್ತಲೇ ಬಂದಿದ್ದಾರೆ. ಆದರೂ ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಉಪಾಧ್ಯಾಯರಾದವರು ಈ ಮಾತನ್ನು ಮರೆಯುವುದುಂಟು. ಮಾಧ್ಯಮಿಕ ತರಗತಿಯ ಬಾಲಕರಿಗೆ ರಸಾಯನಶಾಸ್ತ್ರದ ಮೊದಲ ಪಾಠಗಳನ್ನು ಹೇಳುವಲ್ಲಿ ಆ ಮರೆವಿನಿಂದಾಗುವ ನಷ್ಟವು ಅಲ್ಪವಲ್ಲ.

ಕರಾವಳಿಯಲ್ಲಿ ಅಳಿವೆಯ ಬಳಿಯ ಒಂದು ಊರು. ಅಲ್ಲಿಯ ಶಾಲೆಯ ಉಪಾಧ್ಯಾಯರೊಬ್ಬರು ಪಾಠಶಾಲೆಯ ಪದ್ಧತಿಯಲ್ಲಿ ಬೆಳೆದವರು. ಮೊದಲು ಸೂತ್ರ, ಆಮೇಲೆ ವೃತ್ತಿ, ಕಡೆಗೆ ಉದಾಹರಣೆ ಎಂಬ ಕ್ರಮವನ್ನು ವಿಜ್ಞಾನಕ್ಕೂ ಅನ್ವಯಿಸುತ್ತಿದ್ದರು. ‘ರಾಸಾಯನಿಕ ಪರಿವರ್ತನೆ ಎಂದರೇನು?’ ಎಂದೊಡನೆ ಮುಂದಿನ ಸಾಲಿನ ಬಾಲಕರು ಲಕ್ಷಣವನ್ನು ತಡೆಯಿಲ್ಲದೆ ಒಪ್ಪಿಸುವರು. ಹಿಂದಿನ ಸಾಲಿನ ಒಬ್ಬನು ಮಾತ್ರ ಸುಮ್ಮನೆ ನಿಲ್ಲುವನು. ಅವನು ಚಿಪ್ಪು ಸುಟ್ಟು ಸುಣ್ಣ ಮಾಡುವವರ ಮಗ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವನಿಗೆ ಬಂದುದು ಸೊನ್ನೆ. ‘ಇವನಿಗೆ ಓದು ಹತ್ತದು’ ಎಂದು ಉಪಾಧ್ಯಾಯರು ಅವನ ತಂದೆಗೆ ಹೇಳಿ ಕಳುಹಿಸಿಯೂ ಆಗಿತ್ತು.

ಒಂದು ದಿನ ಉಪಾಧ್ಯಾಯರು ಉದಾಹರಣೆಗೆಂದು ಸುಟ್ಟ ಸುಣ್ಣದ ಹರಳುಗಳನ್ನು ತರಿಸಿದರು. ಗಾಜಿನ ಲೋಟದಲ್ಲಿ ಅವುಗಳನ್ನಿಟ್ಟು, ಬಾಗಿ ನೋಡುತ್ತ, ಮೇಲೆ ನೀರು ಹೊಯ್ಯತೊಡಗಿದರು. ಆಗ ಹಿಂದಿನ ಸಾಲಿನಿಂದ ಒಂದು ಕೂಗು ಕೇಳಿಬಂತು:

“ಮಾಷ್ಟರೇ, ಮುಖ ತೆಗೆಯಿರಿ! ಸುಣ್ಣಕ್ಕೆ ನೀರು ಹೊಯ್ಯಬಾರದು. ನೀರಿಗೆ ಸುಣ್ಣ ಹಾಕಬೇಕು!”

ಉಪಾಧ್ಯಾಯರು ಹಿಂದೆ ಸರಿದರು. ಆ ಕ್ಷಣದಲ್ಲಿಯೇ ಸುಣ್ಣವು ಕೊತಕೊತನೆ ಕುದಿದು ಚಿಮ್ಮಿತು, ಲೋಟವು ಸೀಳಿತು. ಸುಡುವ ಹನಿಗಳು ಅಂಗಿಯ ತೋಳಿನ ಮೇಲೆ ಬಿದ್ದವು. ಅವು ಕಣ್ಣಿಗೆ ಬಿದ್ದಿದ್ದರೆ ದೃಷ್ಟಿಗೇ ಅಪಾಯವಿತ್ತು.

ತರುವಾಯ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಇತರರನ್ನು ದೂರ ನಿಲ್ಲಿಸಿ, ಆ ಹುಡುಗನು ಹೇಳಿದಂತೆಯೇ ಉಪಾಧ್ಯಾಯರು ಹರಳುಗಳನ್ನು ಒಂದೊಂದಾಗಿ ಹಾಕಿದರು. ಅನಂತರ, “ಗೂಡಿನಲ್ಲಿ ಚಿಪ್ಪಿಗೆ ಏನಾಗುತ್ತದೆ, ಹೇಳು” ಎಂದರು.

“ಹಾಕುವಾಗ ಭಾರ, ತೆಗೆಯುವಾಗ ಹಗುರ, ಮಾಷ್ಟರೇ. ಸರಿಯಾಗಿ ಬೇಯದಿದ್ದರೆ ನೀರಿನಲ್ಲಿ ಅರಳುವುದಿಲ್ಲ.”

“ಹಾಗಾದರೆ ಆ ಭಾರ ಎಲ್ಲಿ ಹೋಯಿತು?”

ಲಕ್ಷಣವನ್ನು ಒಪ್ಪಿಸಿದವರೆಲ್ಲ ಮೌನವಾದರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು ತಕ್ಕಡಿಯನ್ನು ಹಿಡಿದು ಶೋಧಿಸಿ, 1756ರಲ್ಲಿ ಪ್ರಕಟಿಸಿದ ಉತ್ತರವು ಇದೇ ಪ್ರಶ್ನೆಗೆ ಸಂಬಂಧಿಸಿದುದು. ಶುದ್ಧವಾದ ಸುಣ್ಣಕಲ್ಲು 100 ತೊಲ ಬೆಂದರೆ ಉಳಿಯುವ ಸುಣ್ಣ 56 ತೊಲ. ಮಿಕ್ಕ 44 ತೊಲ ಇಂಗಾಲಾಮ್ಲ ವಾಯುವಾಗಿ ಹೊರಟುಹೋಗುತ್ತದೆ. ಚಿಪ್ಪಿನ ಮುಖ್ಯ ದ್ರವ್ಯವೂ ಅದೇ.

ಮರುದಿನ ಪಾತ್ರೆಯ ಮೇಲಿನ ತಿಳಿನೀರನ್ನು ಲೋಟಕ್ಕೆ ಬಗ್ಗಿಸಿ, ಪಪ್ಪಾಯಿ ಎಲೆಯ ಟೊಳ್ಳು ದಂಟಿನಿಂದ ಊದಿಸಿದರು. “ಊದಬೇಕು, ಹೀರಬಾರದು” ಎಂದು ಎಚ್ಚರಿಸಿದವನು ಸುಣ್ಣದವರ ಹುಡುಗನೇ. ನೋಡುತ್ತಿದ್ದಂತೆ ನೀರು ಹಾಲಿನಂತಾಯಿತು. ಗೂಡಿನಲ್ಲಿ ಹೊರಟುಹೋಗಿದ್ದ ವಾಯುವಿನ ಜಾತಿಯದೇ ಉಸಿರಿನಿಂದ ಬಂದು ಸುಣ್ಣವನ್ನು ಕೂಡಿತು. ಚಿಪ್ಪಿನ ದ್ರವ್ಯವೇ ಲೋಟದಲ್ಲಿ ಮತ್ತೆ ಹುಟ್ಟಿತು. ಆಮೇಲೆ ಅರಿಸಿನದ ನೀರಿಗೆ ಸುಣ್ಣ ಬೆರೆಸಿದಾಗ ಕೆಂಪಾಯಿತು. “ನಮ್ಮ ಮನೆಯ ಆರತಿಯ ಕುರುದಿ ನೀರು!” ಎಂದು ಮಕ್ಕಳು ಹರ್ಷದಿಂದ ಕೂಗಿದರು. ನಿಂಬೆರಸ ಹಿಂಡಲು ಪುನಃ ಹಳದಿಯಾಯಿತು. ಆ ದಿನ ಲಕ್ಷಣವನ್ನು ಯಾರೂ ಬಾಯಿಪಾಠ ಮಾಡಲಿಲ್ಲ. ಆದರೆ ಕೇಳಿದಾಗ ಪ್ರತಿಯೊಬ್ಬನೂ ತನ್ನ ಮಾತಿನಲ್ಲಿ ಹೇಳಿದನು.

ಸಂಜೆ ಉಪಾಧ್ಯಾಯರು ಸುಣ್ಣದ ಗೂಡಿನ ಕಡೆಗೆ ನಡೆದರು. ತಂದೆಯು ಗಾಬರಿಯಿಂದ ಎದ್ದು ನಿಂತನು.

“ಹುಡುಗ ಏನಾದರೂ ತಪ್ಪು ಮಾಡಿದನೇ, ಮಾಷ್ಟರೇ?”

“ತಪ್ಪು ಅವನದಲ್ಲ. ನಾನು ಹೇಳಿ ಕಳುಹಿಸಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಂದೆ. ಅವನನ್ನು ಶಾಲೆ ಬಿಡಿಸಬೇಡ.”

ಸೂತ್ರವು ಬೇಡವೆಂದಲ್ಲ. ಕಂಡುದನ್ನು ಕಟ್ಟಿ ಇಟ್ಟುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಹಗ್ಗವಿಲ್ಲ. ಆದರೆ ಕಟ್ಟಲು ಏನೂ ಇಲ್ಲದವನ ಕೈಯಲ್ಲಿ ಹಗ್ಗವೊಂದನ್ನೇ ಇತ್ತು ಫಲವೇನು? ಮರುವರ್ಷದಿಂದ ಆ ತರಗತಿಯಲ್ಲಿ ಉದಾಹರಣೆಯು ಮೊದಲು ಬಂತು, ಸೂತ್ರವು ಕಡೆಗೆ ಬಂತು.